ಕಸರತ್ತಿಗೂ ಒಂದು ರಜಾ ಇರಲಿ

ಎರಡು ವರ್ಷದ ಹಿಂದಿನ ಮಾತು. ಆಗಸ್ಟ್ ತಿಂಗಳು, ಮುಂಬೈನಲ್ಲಿ ಮಳೆ ಜೋರಾಗಿತ್ತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ. ಹತ್ತನೇ ತರಗತಿಯವರೆಗೆ ನನ್ನ ಬಳಿ ಓದಿದವನು, ಆಗ ಅವನಿಗೆ ಹತ್ತೊಂಬತ್ತು ವರ್ಷ. ಅವನ ಮನೆಯವರೂ ನನ್ನ ಹಾಗೆ ಕಲಬುರಗಿ ಕಡೆಯವರು. ಹಾಗಾಗಿ ನಮ್ಮಿಬ್ಬರ ಮಾತು ಅರ್ಧ ಉರ್ದು, ಅರ್ಧ ಕನ್ನಡ.

"ಸರ್, ನಾಕ್ ದಿನ ಜ್ವರ ಬಂದಿತ್ರಿ. ಜಿಮ್ ನಾಗಾ ಆತು. ಇವತ್ತ ಜ್ವರ ಇಳದದ, ಹೋಗ್ಲೇನ್ರಿ? ಇನ್ನೊಂದ್ ದಿನ ಬಿಟ್ರ ಮಾಡಿದ್ದೆಲ್ಲಾ ನೀರಾಗ ಹೋಗ್ತದ ಅಂತ ಟ್ರೈನರ್ ಅಂತಾನ."

ನಾನು ಏನು ಹೇಳಬೇಕಿತ್ತು? "ಡಾಕ್ಟರಿಗೆ ತೋರಿಸಿದಿ ಏನು?" ಅಂತ ಕೇಳಬೇಕಿತ್ತು. ಕೇಳಲಿಲ್ಲ. "ಹೋಗಪ್ಪಾ, ಸ್ವಲ್ಪ ಬೆವರು ಬಂದ್ರ ಮೈ ಹಗುರ ಆಗ್ತದ" ಅಂದೆ. ಅಷ್ಟೇ ಅಲ್ಲ, ಶಾಲೆಯಲ್ಲಿ ಹೇಳುವ ಮಾತನ್ನೇ ಮತ್ತೆ ಹೇಳಿದೆ: "ನಾಗಾ ಮಾಡೋ ಚಟ ಒಳ್ಳೇದಲ್ಲ."

ಅವತ್ತು ಸಂಜೆ ಅವನು ಮೈಕೈ ನೋವಿಗೆ ಅಂಗಡಿಯಿಂದ ತಂದ ಒಂದು ನೋವಿನ ಮಾತ್ರೆ ನುಂಗಿ ಜಿಮ್‌ಗೆ ಹೋದ. ಎರಡನೇ ಸೆಟ್ ಬೈಠಕ್ ಹೊಡೆಯುವಾಗ ಕಣ್ಣು ಕತ್ತಲೆ ಬಂದು ಕುಸಿದು ಕೂತ. ಪುಣ್ಯಕ್ಕೆ ಹೆಗಲ ಮೇಲಿನ ತೂಕವನ್ನು ಪಕ್ಕದವನು ಹಿಡಿದ. ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡಿದರೆ ಡೆಂಗಿ. ಪ್ಲೇಟ್‌ಲೆಟ್ ತುಂಬಾ ಇಳಿದಿದ್ದವು, ವಸಡಿನಿಂದ ರಕ್ತ ಬರುತ್ತಿತ್ತು. ಆರು ದಿನ ಒಳಗೆ ಇಟ್ಟುಕೊಂಡರು. ದೇವರ ದಯೆ, ಹುಡುಗ ಗುಣವಾದ.

ನೋಡಲು ಹೋದಾಗ ಡಾಕ್ಟರು ಹೇಳಿದ ಎರಡು ಮಾತು ನನಗೆ ಈಗಲೂ ಮರೆತಿಲ್ಲ. ಒಂದು, ಡೆಂಗಿಯಲ್ಲಿ ಅಪಾಯದ ಹೊತ್ತು ಶುರುವಾಗೋದೇ ಜ್ವರ ಇಳಿಯುವ ಸಮಯಕ್ಕೆ, ಅಂದರೆ ಸಾಮಾನ್ಯವಾಗಿ ಮೂರನೇ ದಿನದಿಂದ ಏಳನೇ ದಿನದ ಒಳಗೆ. ಎರಡು, ಡೆಂಗಿ ಇರಬಹುದು ಎಂಬ ಅನುಮಾನ ಇದ್ದಾಗ ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್‌ನಂಥ ನೋವಿನ ಮಾತ್ರೆ ಮುಟ್ಟಬಾರದು, ರಕ್ತಸ್ರಾವ ಹೆಚ್ಚಾಗುತ್ತದೆ. ನನ್ನ ಹುಡುಗ ಎರಡೂ ತಪ್ಪು ಮಾಡಿದ್ದ. ಮೊದಲನೆಯದರಲ್ಲಿ ನನ್ನ ಪಾಲೂ ಇತ್ತು.

ಇನ್ನೂ ಕಷ್ಟವಾದದ್ದು ಅವನ ಮಾತು. ಕೈಗೆ ಸಲೈನ್ ಚುಚ್ಚಿಕೊಂಡು ಮಲಗಿದ್ದವನು ಕೇಳಿದ: "ಸರ್, ಒಟ್ಟು ಎಷ್ಟು ದಿನದ ಮೆಹನತ್ ಹಾಳಾಯ್ತು?"

ಅವನ ಆ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕಿ ಓದಿದ್ದು, ತಿಳಿದವರನ್ನು ಕೇಳಿದ್ದು, ನನ್ನ ಮೈಮೇಲೇ ಮಾಡಿ ನೋಡಿದ್ದು, ಇಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ, ಪೈಲ್ವಾನನೂ ಅಲ್ಲ. ಬಿ.ಎಡ್. ಮಾಡಿದ ಮೇಷ್ಟ್ರು. ಮೂವತ್ತು ದಾಟಿದ ಮೇಲೆ ಬೆನ್ನುನೋವಿಗೆ ಹೆದರಿ ಜಿಮ್ ಸೇರಿದವನು.

ನಮ್ಮ ಮಾತಿನಲ್ಲೇ ಇರುವ ಎಚ್ಚರಿಕೆ

ವಿಜ್ಞಾನಕ್ಕೆ ಹೋಗುವ ಮುಂಚೆ ಎರಡು ಶಬ್ದ ನೋಡೋಣ. ಭಾಷೆ ಕಲಿಸುವವನಿಗೆ ಈ ಚಪಲ ಬಿಡೋದಿಲ್ಲ.

ಪುಣೆಯಲ್ಲಿರುವ ಓದುಗರಿಗೆ ಅಲ್ಲಿನ ಹಳೆಯ ಪೇಟೆಗಳ ಕುಸ್ತಿ ಮನೆಗಳು ಗೊತ್ತಿರುತ್ತವೆ. ಚಿಂಚೇಚಿ ತಾಲೀಮ್ ಅಂಥ ಹೆಸರುಗಳು ಇವತ್ತಿಗೂ ಇವೆ. ಕೊಲ್ಹಾಪುರದಲ್ಲೂ ಹಾಗೇ, ಗಂಗಾವೇಶ್ ತಾಲೀಮ್, ಮೋತಿಬಾಗ್ ತಾಲೀಮ್. ಮೈಸೂರು ಕಡೆ ಗರಡಿ ಮನೆ ಅನ್ನುವುದಕ್ಕೆ ಅಲ್ಲಿ ತಾಲೀಮು. ಉರ್ದುವಿನಲ್ಲಿ ಇದೇ ತಾಲೀಮ್ ಅಂದರೆ ವಿದ್ಯಾಭ್ಯಾಸ. ಅಂದರೆ ನಮ್ಮ ಹಿರಿಯರಿಗೆ ಶಾಲೆಯೂ ತಾಲೀಮು, ಕುಸ್ತಿಯ ಮಣ್ಣೂ ತಾಲೀಮು. ದೇಹವೂ ಕಲಿಯುತ್ತದೆ ಎಂದು ಅವರು ತಿಳಿದಿದ್ದರು.

ಇನ್ನೊಂದು ಶಬ್ದ ಕಸರತ್ತು. ಅರಬ್ಬಿಯಿಂದ ಉರ್ದುವಿಗೆ, ಉರ್ದುವಿನಿಂದ ಕನ್ನಡಕ್ಕೆ ಬಂದದ್ದು. ಮೂಲ ಅರ್ಥ ಹೆಚ್ಚಳ, ಬಹಳವಾಗಿರುವುದು. ಒಂದನ್ನೇ ಮತ್ತೆ ಮತ್ತೆ ಮಾಡೋದರಿಂದ ವ್ಯಾಯಾಮಕ್ಕೆ ಆ ಹೆಸರು ಬಿತ್ತು. ಈಗಿನ ಜಿಮ್ ಹುಡುಗರು ಈ ಎರಡನೇ ಶಬ್ದವನ್ನು ಮಾತ್ರ ಇಟ್ಟುಕೊಂಡು ಮೊದಲನೆಯದನ್ನು ಮರೆತಿದ್ದಾರೆ ಅನ್ನಿಸುತ್ತದೆ. ಎಷ್ಟು ಜಾಸ್ತಿ ಮಾಡಿದೆವು ಅನ್ನೋದನ್ನು ಎಣಿಸುತ್ತೇವೆ. ದೇಹ ಎಷ್ಟು ಕಲಿಯಿತು ಅಂತ ಕೇಳೋದಿಲ್ಲ.

ಸ್ನಾಯು ಬೆಳೆಯೋದು ಯಾವಾಗ?

ತೂಕ ಎತ್ತಿದಾಗ ಸ್ನಾಯು ಬೆಳೆಯುತ್ತದೆ ಅಂತ ಬಹಳ ಜನರ ತಿಳುವಳಿಕೆ. ಕನ್ನಡಿ ಮುಂದೆ ತೋಳು ಉಬ್ಬಿ ಕಾಣುತ್ತದಲ್ಲ, ಅದು ಆ ಹೊತ್ತಿಗೆ ತುಂಬಿಕೊಂಡ ರಕ್ತ ಮತ್ತು ದ್ರವ. ಒಂದೆರಡು ಗಂಟೆಯಲ್ಲಿ ಇಳಿದುಹೋಗುತ್ತದೆ. ನಿಜವಾಗಿ ತೂಕ ಎತ್ತುವಾಗ ಸ್ನಾಯುವಿನ ಎಳೆಗಳ ಮೇಲೆ ಒತ್ತಡ ಬೀಳುತ್ತದೆ, ಕೆಲವು ಕಡೆ ಸೂಕ್ಷ್ಮವಾದ ಹಾನಿಯೂ ಆಗುತ್ತದೆ, ಒಳಗೆ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆ ಖರ್ಚಾಗುತ್ತದೆ. ಕಟ್ಟುವ ಕೆಲಸದ ದೊಡ್ಡ ಪಾಲು ನಡೆಯೋದು ನೀವು ಮನೆಗೆ ಬಂದ ಮೇಲೆ.

ಕಸರತ್ತು ಮುಗಿದ ಬಳಿಕ ಸ್ನಾಯುವಿನಲ್ಲಿ ಹೊಸ ಪ್ರೋಟೀನ್ ತಯಾರಾಗುವ ವೇಗ ಏರುತ್ತದೆ. ಆ ಏರಿಕೆ ಸುಮಾರು 24ರಿಂದ 48 ಗಂಟೆ ಇರುತ್ತದೆ. ಖಾಲಿಯಾದ ಗ್ಲೈಕೋಜನ್ ತುಂಬಿಕೊಳ್ಳಲು, ಸರಿಯಾಗಿ ಉಂಡರೂ, ಹೆಚ್ಚುಕಡಿಮೆ ಒಂದು ದಿನ ಬೇಕು. ಅದಕ್ಕೇ ಒಂದು ಸ್ನಾಯು ಗುಂಪಿಗೆ ಕೆಲಸ ಕೊಟ್ಟ ಮೇಲೆ ಅದೇ ಗುಂಪಿಗೆ ಮತ್ತೆ ಭಾರ ಹೊರಿಸಲು 48 ಗಂಟೆ ಬಿಡಿ ಎಂದು ತಿಳಿದವರು ಹೇಳೋದು. ಇವತ್ತು ಎದೆ, ನಾಳೆ ಎದೆ, ನಾಡಿದ್ದೂ ಎದೆ ಅಂದರೆ ಗೋಡೆಗೆ ಸಿಮೆಂಟ್ ಬಳಿದು, ಅದು ಒಣಗುವ ಮುಂಚೆ ಮತ್ತೆ ಕೆರೆದ ಹಾಗೆ.

ನಿದ್ದೆಯನ್ನು ಇದರಲ್ಲಿ ಸೇರಿಸಲೇಬೇಕು. ಗಾಢ ನಿದ್ದೆಯಲ್ಲಿ ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಬಿಡುಗಡೆಯಾಗುತ್ತದೆ. ದೊಡ್ಡವರಿಗೆ ಕನಿಷ್ಠ 7 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ರಾತ್ರಿ ಒಂದು ಗಂಟೆಯವರೆಗೆ ರೀಲ್ಸ್ ನೋಡಿ ಬೆಳಗ್ಗೆ ಐದಕ್ಕೆ ಎದ್ದು ಜಿಮ್‌ಗೆ ಹೋಗುವವನು ಶಿಸ್ತಿನವನು ಅಂತ ನಾವು ಹೊಗಳುತ್ತೇವೆ. ಅವನು ಬೆಳಗ್ಗೆ ಮಾಡುವ ಕೆಲಸದ ಕೂಲಿಯನ್ನು ರಾತ್ರಿಯೇ ಕಳೆದುಕೊಂಡಿರುತ್ತಾನೆ. ಹಳೆಯ ಕುಸ್ತಿ ಪೈಲ್ವಾನರು ಮಾಲೀಶು, ಊಟ, ಮಧ್ಯಾಹ್ನದ ನಿದ್ದೆ ಇವನ್ನೂ ಕಸರತ್ತಿನಷ್ಟೇ ಕಟ್ಟುನಿಟ್ಟಾಗಿ ಮಾಡುತ್ತಿದ್ದರು. ನಾವು ಅವರ ಬೈಠಕ್ ಲೆಕ್ಕ ಮಾತ್ರ ನೆನಪಿಟ್ಟುಕೊಂಡೆವು.

ನಮ್ಮ ಶಿಕ್ಷಕರ ತರಬೇತಿಯಲ್ಲಿ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸನ ಬಗ್ಗೆ ಓದಿರುತ್ತೇವೆ. 1885ರಲ್ಲಿ ಅವನು ನೆನಪಿನ ಶಕ್ತಿಯ ಮೇಲೆ ಪುಸ್ತಕ ಬರೆದ. ಒಂದೇ ದಿನ ಕೂತು ಉರು ಹೊಡೆಯೋದಕ್ಕಿಂತ ಅದೇ ಓದನ್ನು ದಿನಗಳ ಮೇಲೆ ಹಂಚಿದರೆ ಚೆನ್ನಾಗಿ ನೆನಪಿರುತ್ತದೆ ಅಂತ ತೋರಿಸಿದ. ಪರೀಕ್ಷೆಗೆ ಇದನ್ನು ಪಾಠ ಮಾಡಿ, ಮಕ್ಕಳಿಗೆ ಹೇಳಿ, ಜಿಮ್‌ನಲ್ಲಿ ಮಾತ್ರ ನಾನೇ ಮರೆತಿದ್ದೆ.

ನೋವು ಅಂಕಪಟ್ಟಿಯಲ್ಲ

ಹೊಸದಾಗಿ ಸೇರಿದವರಿಗೆ ಮರುದಿನ ಮೆಟ್ಟಿಲು ಇಳಿಯಲು ಆಗೋದಿಲ್ಲ. ಈ ನೋವು ಕಸರತ್ತು ಮಾಡಿದ 24 ಗಂಟೆಯಿಂದ 72 ಗಂಟೆಯ ನಡುವೆ ಜೋರಾಗಿರುತ್ತದೆ. "ಲ್ಯಾಕ್ಟಿಕ್ ಆಸಿಡ್ ತುಂಬಿದೆ, ಇನ್ನೂ ಜಾಸ್ತಿ ಹೊಡೆದರೆ ಹೋಗ್ತದೆ" ಅನ್ನೋ ಮಾತು ಪ್ರತಿ ಜಿಮ್‌ನಲ್ಲೂ ಕೇಳಿಸುತ್ತದೆ. ಅದು ಸರಿಯಲ್ಲ. ಕಸರತ್ತಿನಲ್ಲಿ ಉಂಟಾಗುವ ಲ್ಯಾಕ್ಟೇಟ್ ಒಂದು ಗಂಟೆಯ ಸುಮಾರಿಗೆ ರಕ್ತದಿಂದ ಕಡಿಮೆಯಾಗಿಬಿಡುತ್ತದೆ. ಮರುದಿನದ ನೋವಿಗೆ ಕಾರಣ ಎಳೆಗಳ ಸೂಕ್ಷ್ಮ ಹಾನಿ ಮತ್ತು ಅದನ್ನು ರಿಪೇರಿ ಮಾಡುವಾಗಿನ ಊತ.

ನೋವು ಬಂದರೆ ಮಾತ್ರ ಕೆಲಸ ಆಯಿತು ಅನ್ನೋದೂ ತಪ್ಪು. ನಾಲ್ಕಾರು ವಾರ ಅದೇ ಕಸರತ್ತು ಮಾಡಿದರೆ ದೇಹ ಹೊಂದಿಕೊಳ್ಳುತ್ತದೆ, ನೋವು ಕಡಿಮೆಯಾಗುತ್ತದೆ, ಬೆಳವಣಿಗೆ ಮುಂದುವರಿಯುತ್ತದೆ.

ಬಿಟ್ಟರೆ ಎಷ್ಟು ಹೋಗುತ್ತದೆ?

ಈಗ ನನ್ನ ಹುಡುಗನ ಪ್ರಶ್ನೆಗೆ ಬರೋಣ.

ಒಂದು ವಾರ ಬಿಟ್ಟರೆ ಬಲ ಹೋಗೋದಿಲ್ಲ. ತೋಳು ಸಣ್ಣದಾಯಿತು ಅನ್ನಿಸಬಹುದು. ಅದಕ್ಕೆ ಕಾರಣ ಇದೆ. ಸ್ನಾಯುವಿನೊಳಗೆ ಒಂದು ಗ್ರಾಂ ಗ್ಲೈಕೋಜನ್ ಜೊತೆಗೆ ಸುಮಾರು ಮೂರು ಗ್ರಾಂ ನೀರು ಕೂಡಿರುತ್ತದೆ. ಕಸರತ್ತು ನಿಲ್ಲಿಸಿ, ಜ್ವರದಲ್ಲಿ ಊಟವೂ ಕಡಿಮೆಯಾದರೆ ಆ ಸಕ್ಕರೆ ಮತ್ತು ನೀರು ಇಳಿಯುತ್ತವೆ. ಕನ್ನಡಿಯಲ್ಲಿ ಕಂಡ ನಷ್ಟದಲ್ಲಿ ಹೆಚ್ಚಿನ ಪಾಲು ನೀರೇ. ಮರಳಿ ಉಂಡು ಕಸರತ್ತು ಶುರು ಮಾಡಿದರೆ ಕೆಲವೇ ದಿನದಲ್ಲಿ ವಾಪಸ್.

ನಿಯಮಿತವಾಗಿ ಮಾಡಿದವರಲ್ಲಿ ತೂಕ ಎತ್ತುವ ಬಲ ಸಾಮಾನ್ಯವಾಗಿ ಮೂರು ನಾಲ್ಕು ವಾರದವರೆಗೆ ಬಹುಪಾಲು ಉಳಿಯುತ್ತದೆ. ಓಟದ ದಮ್ಮು ಅದಕ್ಕಿಂತ ಬೇಗ ಇಳಿಯುತ್ತದೆ. ರಕ್ತದ ದ್ರವಾಂಶ ಕೆಲವೇ ದಿನಗಳಲ್ಲಿ ಕಡಿಮೆಯಾಗಲು ಶುರುವಾಗಿ, ಎರಡು ವಾರದ ಹೊತ್ತಿಗೆ ದಮ್ಮಿನ ಇಳಿಕೆ ಅಳತೆಗೆ ಸಿಗುತ್ತದೆ. ಹಾಗಾಗಿ ರಜೆಯಲ್ಲಿ ಏನಾದರೂ ಮಾಡುವ ಮನಸ್ಸಿದ್ದರೆ ಡಂಬೆಲ್ ಹುಡುಕುವ ಬದಲು ನಡಿಗೆ ಮಾಡಿ.

ಎರಡು ಅಧ್ಯಯನಗಳನ್ನು ಹೇಳುತ್ತೇನೆ. ಜಪಾನಿನಲ್ಲಿ ಯುವಕರ ಒಂದು ಗುಂಪಿಗೆ 24 ವಾರ ಬಿಡದೆ ಬೆಂಚ್ ಪ್ರೆಸ್ ಮಾಡಿಸಿದರು. ಇನ್ನೊಂದು ಗುಂಪಿಗೆ ಆರು ವಾರ ಕಸರತ್ತು, ಮೂರು ವಾರ ಪೂರ್ತಿ ಬಿಡುವು, ಮತ್ತೆ ಆರು ವಾರ, ಹೀಗೆ. 2013ರಲ್ಲಿ ಫಲಿತಾಂಶ ಪ್ರಕಟವಾಯಿತು. ಕಡೆಗೆ ಎರಡೂ ಗುಂಪಿನ ಸ್ನಾಯು ಮತ್ತು ಬಲ ಹತ್ತಿರಹತ್ತಿರ ಒಂದೇ. ಬಿಡುವು ಪಡೆದವರು ಆರು ವಾರದ ಕೆಲಸ ಕಡಿಮೆ ಮಾಡಿದ್ದರು. ಬಿಡುವಿನಲ್ಲಿ ಸ್ವಲ್ಪ ಇಳಿದದ್ದನ್ನು ಅವರು ಮರಳಿ ಬಂದಾಗ ವೇಗವಾಗಿ ತುಂಬಿಕೊಂಡರು.

ಎರಡನೆಯದು ಫಿನ್‌ಲ್ಯಾಂಡಿನದು, 2024ರಲ್ಲಿ ಪ್ರಕಟವಾದದ್ದು. ಅಲ್ಲಿ ಒಂದು ಗುಂಪು 20 ವಾರ ಸತತ ಮಾಡಿತು. ಇನ್ನೊಂದು 10 ವಾರ ಮಾಡಿ, 10 ವಾರ ಪೂರ್ತಿ ಬಿಟ್ಟು, ಮತ್ತೆ 10 ವಾರ ಮಾಡಿತು. ಹತ್ತು ವಾರ ಅಂದರೆ ಎರಡೂವರೆ ತಿಂಗಳು! ಆದರೂ ಕೊನೆಯಲ್ಲಿ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದವು. ಬಿಟ್ಟವರಿಗೆ ಅಲ್ಲಿಗೆ ತಲುಪಲು ಒಟ್ಟು 30 ವಾರ ಹಿಡಿಯಿತು ಅನ್ನೋದು ನಿಜ. ಸಮಯ ಹೋಯಿತು, ಮೆಹನತ್ ಹೋಗಲಿಲ್ಲ.

ಇದು ಹೇಗೆ ಸಾಧ್ಯ? ಸ್ನಾಯು ಬೆಳೆಯುವಾಗ ಅದರ ಎಳೆಗಳೊಳಗೆ ಹೊಸ ಕೋಶಕೇಂದ್ರಗಳು ಸೇರಿಕೊಳ್ಳುತ್ತವೆ. ನಾರ್ವೆಯ ಓಸ್ಲೋದ ಸಂಶೋಧಕರು 2010ರಲ್ಲಿ ಇಲಿಗಳ ಮೇಲೆ ಮಾಡಿದ ಅಧ್ಯಯನದಲ್ಲಿ, ಸ್ನಾಯು ಸಣ್ಣದಾದ ಮೇಲೂ ಆ ಕೇಂದ್ರಗಳು ಉಳಿದಿದ್ದವು. ಮನುಷ್ಯರಲ್ಲೂ ಅಷ್ಟೇ ಸ್ಪಷ್ಟವಾಗಿ ಹೀಗೇ ಆಗುತ್ತದೆಯೇ ಅನ್ನೋದರ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆ ಇದೆ. ಆದರೆ ಒಮ್ಮೆ ಕಲಿತ ದೇಹ ಎರಡನೇ ಸಲ ಬೇಗ ಕಲಿಯುತ್ತದೆ ಅನ್ನೋದು ಜಿಮ್ ಬಿಟ್ಟು ಮರಳಿದ ಯಾರಿಗಾದರೂ ಗೊತ್ತು.

ಹುಡುಗನಿಗೆ ನಾನು ಕೊಟ್ಟ ಉತ್ತರ ಇಷ್ಟೇ: "ಹತ್ತು ದಿನದಾಗ ನೀ ಕಳಕೊಂಡಿದ್ದು ಜಿಮ್‌ನ ಲೆಕ್ಕ ಅಲ್ಲ, ಜ್ವರದ ಲೆಕ್ಕ. ಅದೂ ವಾಪಸ್ ಬರ್ತದ."

ಆರಾಮ ಬೇರೆ, ಹಾಸಿಗೆ ಬೇರೆ

ಇಷ್ಟು ಓದಿ ಯಾರಾದರೂ ಖುಷಿಯಿಂದ ಮಲಗಿಬಿಟ್ಟರೆ ಅದೂ ಕಷ್ಟ. ಅದಕ್ಕೂ ಒಂದು ಹಳೆಯ ಉದಾಹರಣೆ ಇದೆ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಇಪ್ಪತ್ತರ ಆಸುಪಾಸಿನ ಐದು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆ ಬಿಟ್ಟು ಏಳದಂತೆ ಮಲಗಿಸಿದರು. ದೇಹ ಆಮ್ಲಜನಕ ಬಳಸುವ ಗರಿಷ್ಠ ಶಕ್ತಿ ಅವರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಕುಸಿಯಿತು. ಮೂವತ್ತು ವರ್ಷದ ನಂತರ ಅದೇ ಐದು ಜನರನ್ನು ಮತ್ತೆ ಪರೀಕ್ಷಿಸಿದರು. ಮೂವತ್ತು ವರ್ಷದ ವಯಸ್ಸು ಮಾಡಿದ ನಷ್ಟಕ್ಕಿಂತ ಅಂದಿನ ಮೂರು ವಾರದ ಹಾಸಿಗೆ ಮಾಡಿದ ನಷ್ಟವೇ ದೊಡ್ಡದಾಗಿತ್ತು.

ಹಾಗಾಗಿ ಕಾಯಿಲೆ ಇಲ್ಲದಾಗ ಬಿಡುವು ಅಂದರೆ ಓಡಾಟ ನಿಲ್ಲಿಸೋದು ಅಂತಲ್ಲ. ನಡೆಯಿರಿ, ಮಕ್ಕಳ ಜೊತೆ ಆಡಿ, ಮನೆ ಗುಡಿಸಿ, ಮಾರ್ಕೆಟ್‌ಗೆ ಹೋಗಿ ಚೀಲ ಹೊತ್ತು ತನ್ನಿ. ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯು ಬಲದ ಕಸರತ್ತು, ಇದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆ. ಎರಡು ದಿನ ಅಂತ ಇದೆ ನೋಡಿ. ಏಳು ದಿನ ಅಂತ ಎಲ್ಲೂ ಇಲ್ಲ.

ಬಿಡುವು ಎಷ್ಟು ತರಹ?

ಮೊದಲನೆಯದು ವಾರದ ರಜಾ. ವಾರಕ್ಕೆ ಮೂರು ನಾಲ್ಕು ದಿನ ಜಿಮ್ ಮಾಡುವವರಿಗೆ ಇದು ತಾನಾಗೇ ಸಿಗುತ್ತದೆ. ಐದಾರು ದಿನ ಹೋಗುವವರು ಕನಿಷ್ಠ ಒಂದು ದಿನ ಪೂರ್ತಿ ಬಿಡಬೇಕು. ಹೋಟೆಲಿನಲ್ಲಿ, ಅಂಗಡಿಯಲ್ಲಿ ಹತ್ತು ಹನ್ನೆರಡು ಗಂಟೆ ನಿಂತು ಕೆಲಸ ಮಾಡುವ ನಮ್ಮ ಹುಡುಗರು ಮುಂಬೈನಲ್ಲಿ ಎಷ್ಟೋ ಜನ ಇದ್ದಾರೆ. ಅವರ ಕಾಲಿಗೆ ದಿನವೂ ಅರ್ಧ ಕಸರತ್ತು ಆಗಿಯೇ ಇರುತ್ತದೆ. ಆಫೀಸಿನಲ್ಲಿ ಕೂತು ಕೆಲಸ ಮಾಡುವವನ ಟೈಮ್‌ಟೇಬಲ್ ಅವರಿಗೆ ಹೊಂದೋದಿಲ್ಲ.

ಎರಡನೆಯದು ಹಗುರ ವಾರ. ನಾಲ್ಕರಿಂದ ಎಂಟು ವಾರ ಗಟ್ಟಿಯಾಗಿ ಮಾಡಿದ ಮೇಲೆ ಒಂದು ವಾರ ಜಿಮ್‌ಗೆ ಹೋಗಿ, ಆದರೆ ಸೆಟ್‌ಗಳನ್ನು ಅರ್ಧಕ್ಕೆ ಇಳಿಸಿ. ತೂಕವನ್ನೂ ಸ್ವಲ್ಪ ಕಡಿಮೆ ಮಾಡಬಹುದು. ಸ್ಪರ್ಧೆಗೆ ಹೋಗುವ ಓಟಗಾರರು, ಈಜುಗಾರರು ಪಂದ್ಯಕ್ಕೆ ಸುಮಾರು ಎರಡು ವಾರ ಮುಂಚೆ ಅಭ್ಯಾಸದ ಪ್ರಮಾಣವನ್ನು ಹೀಗೇ ಅರ್ಧದಷ್ಟು ಇಳಿಸುತ್ತಾರೆ. ಹಾಗೆ ಇಳಿಸಿದವರು ಪಂದ್ಯದ ದಿನ ಇನ್ನೂ ಚೆನ್ನಾಗಿ ಓಡುತ್ತಾರೆ. ದಣಿವು ಮುಚ್ಚಿಟ್ಟಿದ್ದ ಶಕ್ತಿ ಆಗ ಹೊರಗೆ ಬರುತ್ತದೆ.

ಮೂರನೆಯದು ಬದುಕು ತಾನೇ ಕೊಡುವ ದೊಡ್ಡ ಬಿಡುವು. ಪರೀಕ್ಷೆ, ಮದುವೆ, ಊರಿಗೆ ಹೋಗೋದು, ಕಾಯಿಲೆ, ಮನೆಯಲ್ಲಿ ಸಾವು, ಕೆಲಸ ಬದಲಾವಣೆ. ಇದಕ್ಕೆ ನಾಚಿಕೆ ಪಡಬೇಕಾಗಿಲ್ಲ. ಸ್ವಲ್ಪ ಸಮಯ ಇದ್ದರೆ ಉಳಿಸಿಕೊಳ್ಳುವ ದಾರಿಯೂ ಇದೆ. ಅಮೆರಿಕದಲ್ಲಿ 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜನರಿಗೆ 16 ವಾರ, ವಾರಕ್ಕೆ ಮೂರು ದಿನ ಕಸರತ್ತು ಮಾಡಿಸಿ, ಆಮೇಲೆ ಕೆಲವರಿಗೆ ವಾರಕ್ಕೆ ಒಂದೇ ದಿನ, ಅದೂ ಕೆಲವೇ ಸೆಟ್‌ಗೆ ಇಳಿಸಿದರು. 20ರಿಂದ 35 ವಯಸ್ಸಿನವರು ಹಾಗೆ 32 ವಾರ ಕಳೆದರೂ ಗಳಿಸಿದ ಬಲ ಮತ್ತು ಸ್ನಾಯು ಉಳಿಸಿಕೊಂಡರು. 60 ದಾಟಿದವರಲ್ಲಿ ಬಲ ಉಳಿಯಿತು, ಸ್ನಾಯುವಿನ ಗಾತ್ರ ಉಳಿಸಲು ಅಷ್ಟು ಸಾಲಲಿಲ್ಲ. ಕಟ್ಟಲು ಬೇಕಾದ ಕಷ್ಟ ಕಾಯಲು ಬೇಡ.

ರಂಜಾನ್ ತಿಂಗಳಲ್ಲಿ ನಮ್ಮ ಹುಡುಗರು ಕೇಳುವ ಪ್ರಶ್ನೆಗೂ ಇದೇ ಉತ್ತರ. ಹಗಲು ನೀರಿಲ್ಲದೆ, ರಾತ್ರಿ ನಿದ್ದೆ ಒಡೆದು, ಹಳೆಯ ತೂಕವನ್ನೇ ಎತ್ತುತ್ತೇನೆ ಅನ್ನೋ ಹಠ ಬೇಡ. ಇಫ್ತಾರ್ ಆಗಿ ನೀರು ಕುಡಿದು ಒಂದೆರಡು ಗಂಟೆಯ ನಂತರ, ವಾರಕ್ಕೆ ಎರಡು ದಿನ, ಅರ್ಧ ಗಂಟೆ ಹಗುರವಾಗಿ ಮಾಡಿದರೆ ತಿಂಗಳು ಸಾಗುತ್ತದೆ. ಅದೂ ಆಗದಿದ್ದರೆ ಬಿಡಿ. ಸಕ್ಕರೆ ಕಾಯಿಲೆ, ಬಿ.ಪಿ. ಇರುವವರು ಮೊದಲು ಡಾಕ್ಟರನ್ನು ಕೇಳಿ.

ದೇಹ ಬೇಡ ಅನ್ನುವಾಗ

ಕೆಲವು ಸೂಚನೆಗಳನ್ನು ಗುರುತಿಸಲು ಕಲಿಯಬೇಕು. ಬೆಳಗ್ಗೆ ಏಳುವಾಗಲೇ ನಾಡಿ ಮಾಮೂಲಿಗಿಂತ ಹತ್ತರಷ್ಟು ಹೆಚ್ಚು ಹೊಡೆಯೋದು, ದಣಿದಿದ್ದರೂ ನಿದ್ದೆ ಬಾರದಿರೋದು, ಸಣ್ಣದಕ್ಕೂ ಸಿಟ್ಟು, ಪದೇಪದೇ ನೆಗಡಿ, ಕಳೆದ ತಿಂಗಳು ಎತ್ತಿದ ತೂಕ ಈ ತಿಂಗಳು ಏಳದಿರೋದು. ಒಂದು ದಿನ ಹೀಗಾದರೆ ಚಿಂತೆಯಿಲ್ಲ. ವಾರ ಪೂರ್ತಿ ಹೀಗೇ ಇದ್ದರೆ ಬಿಡುವು ತೆಗೆದುಕೊಳ್ಳಿ. ಈ ಹಂತದಲ್ಲಿ ನಿಂತರೆ ಕೆಲವು ದಿನ ಇಲ್ಲವೇ ವಾರಗಳಲ್ಲಿ ಸರಿಯಾಗುತ್ತದೆ. ಹಠ ಮಾಡಿ ಮುಂದುವರಿಸಿದರೆ ತಿಂಗಳುಗಟ್ಟಲೆ ಹಿಡಿಯಬಹುದು.

ಜ್ವರದ ವಿಷಯದಲ್ಲಿ ಒಂದು ಸುಲಭ ನಿಯಮ ಇದೆ. ತೊಂದರೆ ಕತ್ತಿನ ಮೇಲೆ ಮಾತ್ರ ಇದ್ದರೆ, ಅಂದರೆ ಸ್ವಲ್ಪ ಮೂಗು ಸೋರೋದು, ಸೀನು, ಹಗುರವಾಗಿ ನಡೆದಾಡಬಹುದು. ಜ್ವರ, ಮೈಕೈ ನೋವು, ಎದೆಯಲ್ಲಿ ಕಫ, ಭೇದಿ ಇದ್ದರೆ ಕಸರತ್ತು ಪೂರ್ತಿ ಬಂದ್. ವೈರಸ್ ಜ್ವರ ಕೆಲವೊಮ್ಮೆ ಹೃದಯದ ಸ್ನಾಯುವಿಗೂ ಊತ ತರುತ್ತದೆ. ಆಗ ಜೋರಾಗಿ ಕಸರತ್ತು ಮಾಡಿದರೆ ಜೀವಕ್ಕೇ ಅಪಾಯ. ಮಳೆಗಾಲದಲ್ಲಿ ಜ್ವರ ಬಂದರೆ ಇಳಿಯಿತು ಅಂತ ಸುಮ್ಮನಾಗದೆ ರಕ್ತಪರೀಕ್ಷೆ ಮಾಡಿಸಿ. ಎದೆನೋವು, ವಿಪರೀತ ಉಸಿರುಗಟ್ಟುವಿಕೆ, ತಲೆ ಸುತ್ತಿ ಬೀಳೋದು ಇವನ್ನು ದಣಿವು ಅಂತ ತಳ್ಳಿಹಾಕಬೇಡಿ.

2021ರ ಅಕ್ಟೋಬರ್ 29ರಂದು ಪುನೀತ್ ರಾಜಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗ ಕನ್ನಡಿಗರ ಎಷ್ಟೋ ಮನೆಗಳಲ್ಲಿ ಜಿಮ್ ಬಗ್ಗೆ ಭಯ ಹುಟ್ಟಿತು. "ಜಿಮ್ ಬಿಟ್ಟುಬಿಡು" ಅಂತ ಅಮ್ಮಂದಿರು ಅತ್ತರು. ಅವರ ಸಾವಿಗೆ ಕಸರತ್ತು ಕಾರಣ ಅಂತ ನಾವು ತೀರ್ಪು ಕೊಡುವ ಹಾಗಿಲ್ಲ. ನಿಯಮಿತ ವ್ಯಾಯಾಮ ಹೃದಯವನ್ನು ಕಾಯುತ್ತದೆ ಅನ್ನೋದು ಬದಲಾಗಿಲ್ಲ. ಭಯದಿಂದ ಪೂರ್ತಿ ಬಿಡೋದೂ ಬೇಡ, ದೇಹ ಕೂಗಿ ಹೇಳಿದರೂ ಕೇಳದಿರೋದೂ ಬೇಡ. ನಲವತ್ತು ದಾಟಿ ಹೊಸದಾಗಿ ಶುರು ಮಾಡುವವರು, ಮನೆತನದಲ್ಲಿ ಹೃದಯದ ಕಾಯಿಲೆ ಇರುವವರು ಮೊದಲು ತಪಾಸಣೆ ಮಾಡಿಸೋದು ಒಳ್ಳೆಯದು.

ಮರಳುವಾಗ

ಬಿಡುವಿಗಿಂತ ಹೆಚ್ಚು ಅನಾಹುತ ಆಗೋದು ಮರಳಿ ಬಂದ ಮೊದಲ ದಿನ. ಬಿಟ್ಟದ್ದನ್ನೆಲ್ಲಾ ಒಂದೇ ದಿನ ವಸೂಲು ಮಾಡುವ ಹುಮ್ಮಸ್ಸು. ತಲೆಗೆ ಹಳೆಯ ತೂಕ ನೆನಪಿರುತ್ತದೆ, ಸ್ನಾಯುವಿಗೆ ಅಭ್ಯಾಸ ತಪ್ಪಿರುತ್ತದೆ. ಅತಿಯಾದರೆ ಸ್ನಾಯುವಿನ ಎಳೆಗಳು ಒಡೆದು ಅವುಗಳ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ವಿಪರೀತ ನೋವು, ಊತದ ಜೊತೆ ಮೂತ್ರ ಕರಿ ಟೀ ಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆಗೆ ಓಡಬೇಕು.

ಎರಡು ವಾರಕ್ಕಿಂತ ಹೆಚ್ಚು ಬಿಟ್ಟಿದ್ದರೆ ಮೊದಲ ವಾರ ಹಳೆಯ ತೂಕದ ಅರ್ಧ, ಸೆಟ್‌ಗಳೂ ಅರ್ಧ. ಎರಡನೇ ವಾರ ಮುಕ್ಕಾಲು. ಮೂರನೇ ವಾರದಿಂದ ಮೊದಲಿನ ಹಾಗೆ. ಮೊದಲ ದಿನ "ಇನ್ನೂ ಮಾಡಬಹುದಿತ್ತು" ಅನ್ನಿಸುವಾಗಲೇ ಮನೆಗೆ ಬನ್ನಿ. ಡೆಂಗಿಯಂಥ ದೊಡ್ಡ ಕಾಯಿಲೆಯಿಂದ ಎದ್ದವರು ಡಾಕ್ಟರು ಹೂಂ ಅಂದ ಮೇಲೇ ಶುರು ಮಾಡಬೇಕು.

ಹಾಜರಿ ಪುಸ್ತಕದ ಮಾತು

ನಾನು ಯಾಕೆ ಅವತ್ತು ತಪ್ಪು ಸಲಹೆ ಕೊಟ್ಟೆ ಅಂತ ಬಹಳ ಸಲ ಯೋಚಿಸಿದ್ದೇನೆ. ಮೇಷ್ಟ್ರ ಬುದ್ಧಿ. ಹಾಜರಿ ಪುಸ್ತಕ ಹಿಡಿದು ಹಿಡಿದು, ಬಂದವನು ಒಳ್ಳೆಯವನು, ಬಾರದವನು ಸೋಮಾರಿ ಅಂತ ಮನಸ್ಸಿನಲ್ಲೇ ಗೆರೆ ಎಳೆದುಬಿಟ್ಟಿರುತ್ತೇವೆ. ಆದರೆ ಅದೇ ಹಾಜರಿ ಪುಸ್ತಕದಲ್ಲಿ ಭಾನುವಾರಕ್ಕೆ ಯಾರಿಗೂ ಗೈರು ಹಾಕೋದಿಲ್ಲ. ಅಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದು ರಜಾ ಅಂತ ಬರೆಯುತ್ತೇವೆ. ನಾಗಾ ಬೇರೆ, ರಜಾ ಬೇರೆ. ರಜಾ ಅನ್ನೋ ಶಬ್ದದ ಮೂಲ ಅರ್ಥವೇ ಒಪ್ಪಿಗೆ, ಅನುಮತಿ.

ಹುಡುಗ ಗುಣವಾಗಿ, ಡಾಕ್ಟರು ಒಪ್ಪಿದ ಮೇಲೆ, ಮತ್ತೆ ಜಿಮ್‌ಗೆ ಹೋಗಲು ಒಂದೂವರೆ ತಿಂಗಳಾಯಿತು. ಮೊದಲ ದಿನ ಖಾಲಿ ರಾಡ್ ಮಾತ್ರ ಎತ್ತಿ ಬಂದೆ ಅಂತ ನಾಚಿಕೆಯಿಂದಲೇ ಹೇಳಿದ. ದೀಪಾವಳಿ ರಜೆ ಮುಗಿದು ಶಾಲೆ ಶುರುವಾದ ಸ್ವಲ್ಪ ದಿನಕ್ಕೆ ಹಳೆಯ ತೂಕಕ್ಕೆ ಮರಳಿದ್ದ.

ಈಗ ಅವನು ಒಂದು ಸಣ್ಣ ನೋಟ್‌ಬುಕ್ ಇಟ್ಟಿದ್ದಾನೆ. ಯಾವ ದಿನ ಎಷ್ಟು ತೂಕ, ಎಷ್ಟು ಸೆಟ್, ರಾತ್ರಿ ಎಷ್ಟು ನಿದ್ದೆ, ಎಲ್ಲಾ ಬರೆಯುತ್ತಾನೆ. ಹೋದ ತಿಂಗಳು ತೋರಿಸಿದ. ಬುಧವಾರ ಮತ್ತು ಭಾನುವಾರದ ಸಾಲಿನಲ್ಲಿ ಮೊದಲೆಲ್ಲಾ ಅವನು ಕೆಂಪು ಅಡ್ಡಗೀಟು ಹಾಕುತ್ತಿದ್ದ. ಈಗ ಆ ಸಾಲುಗಳಲ್ಲಿ ಕನ್ನಡದಲ್ಲಿ ರಜಾ ಅಂತ ಬರೆದಿದೆ. ಅಕ್ಷರ ಸ್ವಲ್ಪ ಸೊಟ್ಟಗಿತ್ತು. ನಾನು ತಿದ್ದಲಿಲ್ಲ.